ಟಬ್ಬು ಕೀಳುವ ಏಕನಾಥ

ಬೆಳಗಿನ ಆರು ಗಂಟೆ. ಪುಣೆಯ ಕೋಥರೂಡಿನ ಹಳೆಯ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿ, ಬಚ್ಚಲ ಹೊಸ್ತಿಲ ಬಳಿ ಏಕನಾಥ ಮಾಳಿ ಬೋರಲು ಮಲಗಿದ್ದಾರೆ. ಒಂದು ಕೆನ್ನೆ ನೆಲಕ್ಕೆ, ಒಂದು ಕೈಯಲ್ಲಿ ಟಾರ್ಚು. ಒಳಗೆ ಹೊಸ ಟೈಲ್ಸಿನ ಮೇಲೆ ಎರಡು ಅಂಗುಲ ನೀರು ಅಲುಗದೆ ನಿಂತಿದೆ. ಹಿಂದಿನ ದಿನ ಇದೇ ಹೊತ್ತಿಗೆ ಅವರು ನೀರು ಹೋಗುವ ಜಾಲರಿ ಮುಚ್ಚಿ, ಬಾಗಿಲಿಗೆ ಮಣ್ಣಿನ ಒಡ್ಡು ಕಟ್ಟಿ, ನೀರು ತುಂಬಿಸಿ, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಹೋಗಿದ್ದರು. ಹಗಲು, ರಾತ್ರಿ ಕಳೆದರೂ ನೀರು ಗೆರೆಗೆ ತಾಗಿಕೊಂಡೇ ಇರಬೇಕು. ಇಲ್ಲ. ಗೋಧಿ ಕಾಳಿನ ದಪ್ಪದಷ್ಟು ಇಳಿದಿದೆ.

"ಎಲ್ಲ್ಯೋ ಸೋರಾಕತ್ತೈತ್ರಿ ವೈನಿ," ಎಂದು ಅವರು ಮನೆಯ ಸೊಸೆ ಇಂದೂ ಅವರಿಗೆ ಮೆಲ್ಲಗೆ ಹೇಳುತ್ತಾರೆ.

ಮರುದಿನ ನರಕ ಚತುರ್ದಶಿ. ಇಂದೂ ಅವರ ಅತ್ತೆ, ಧಾರವಾಡದ ಅನ್ನಪೂರ್ಣಮ್ಮನವರಿಗೆ ಎಪ್ಪತ್ತಾರು ವರ್ಷ. ಹದಿನಾಲ್ಕು ತಿಂಗಳ ಹಿಂದೆ ಇದೇ ಬಚ್ಚಲಲ್ಲಿ ಟಬ್ಬಿನ ಅಂಚು ದಾಟುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರು. ಅಂದಿನಿಂದ ಸೊಸೆಯೇ ನೀರು ಹಾಕುತ್ತಾರೆ. ಸೊಸೆ ಬೇಸರಪಟ್ಟವರಲ್ಲ, ಆದರೆ ಇನ್ನೊಬ್ಬರ ಕೈಯಿಂದ ಮೈಮೇಲೆ ನೀರು ಬೀಳುವಾಗ ಅತ್ತೆ ದಿನವೂ ಕಣ್ಣು ಮುಚ್ಚಿಕೊಂಡುಬಿಡುತ್ತಾರೆ. "ಈ ಹಬ್ಬದ ಎಣ್ಣಿ ನೀರು ನಾನ ಹಾಕ್ಕೋತೀನಿ, ಒಬ್ಬಾಕೀನ" ಎಂದು ಅವರು, ಆ ಟಬ್ಬು ಕಿತ್ತು ಹೊಸ ನೆಲ ಹಾಕಿದ ಏಕನಾಥರಿಂದ ಮಾತು ತೆಗೆದುಕೊಂಡಿದ್ದಾರೆ. ಸೋರುವುದು ನಿಜವಾದರೆ ಟೈಲ್ಸ್ ಒಡೆಯಬೇಕು. ಹಬ್ಬದ ನಾಲ್ಕು ದಿನ ಕಟ್ಟಡದ ಸೊಸೈಟಿಯ ನಿಯಮದಂತೆ ಯಾರೂ ಸುತ್ತಿಗೆ ಎತ್ತುವಂತಿಲ್ಲ.

ಏಕನಾಥರಿಗೆ ಈಗ ನಲವತ್ತೊಂಬತ್ತು. ಅಥಣಿ ಕಡೆಯ ಹಳ್ಳಿಯಿಂದ ಹೊರಟು ಪುಣೆಯ ಅಂಚಿನ ಕಾತ್ರಜದಲ್ಲಿ ಬಸ್ಸಿಳಿದಾಗ ಇಪ್ಪತ್ತೊಂದು. ಮೊದಲ ಎರಡು ವರ್ಷ ಚಾಕಣದಲ್ಲಿ ಎದ್ದ ಕಾರ್ಖಾನೆಗಳಿಗೆ ಟೈಲ್ಸ್ ಹೊತ್ತರು. ಅಲ್ಲಿಯೇ, ಕಾರ್ಮಿಕರ ಸಾಲು ಬಚ್ಚಲುಗಳಲ್ಲಿ, ನೀರು ನಿಲ್ಲದಂತೆ ನೆಲಕ್ಕೆ ಇಳಿಜಾರು ಕೊಡುವುದನ್ನು ಕಲಿತರು. ಗಾರೆ ಕೆಲಸದ ಗೌಂಡಿಗಳು ಇದಕ್ಕೆ ಢಾಳ ಎನ್ನುತ್ತಾರೆ. "ಅಡಿಗೆ ಕಾಲು ಇಂಚು. ಹೆಚ್ಚಾದ್ರ ವಯಸ್ಸಾದವರು ಜೋಲಿ ಹೋಗ್ತಾರ, ಕಡಿಮಿ ಆದ್ರ ನೀರು ಅಲ್ಲೇ ಕುಂತು ಪಾಚಿ ಕಟ್ಟತೈತಿ."

ಕಳೆದ ಎಂಟು ವರ್ಷಗಳಲ್ಲಿ ಅವರು ಕಿತ್ತ ಟಬ್ಬುಗಳು ನೂರಾ ಮೂವತ್ತೇಳು. ಕಟ್ಟಡ ಹೊಸದಿದ್ದಾಗ ಮಾಲೀಕರು ನಂಟರಿಗೆ ತೋರಿಸಲೆಂದು ಕೂಡಿಸಿಕೊಂಡವು; ಅವುಗಳಲ್ಲಿ ಮಲಗಿ ಮಿಂದವರನ್ನು ಅವರು ಕಂಡಿಲ್ಲ. ಒಂದು ಮನೆಯಲ್ಲಿ ಅದರೊಳಗೆ ಹಾಸಿಗೆಯ ಗಂಟಿತ್ತು, ಇನ್ನೊಂದರಲ್ಲಿ ಬೇಸಿಗೆಗೆ ಹಿಡಿದಿಟ್ಟ ನೀರು. ಕಿತ್ತ ಟಬ್ಬುಗಳು ಕಾತ್ರಜ ಘಾಟಿನ ಆಚೆ ಎಮ್ಮೆ ಸಾಕುವವರಿಗೆ ಹೋಗುತ್ತವೆ. ಕುಡಿಯಲು ಮೂತಿ ಇಟ್ಟ ಎಮ್ಮೆ ಕೊನೆಗೆ ಒಳಗೇ ಇಳಿದು ಕೂತ ಕತೆಯನ್ನು ಏಕನಾಥ ಪ್ರತಿ ಹೊಸ ಮನೆಯಲ್ಲಿಯೂ ಹೇಳುತ್ತಾರೆ. ಟಬ್ಬಿನ ಬೆಲೆ ಗೊತ್ತಾದದ್ದು ಅದೊಂದಕ್ಕೇ ಎನ್ನುವುದು ಅವರ ತೀರ್ಮಾನ.

ಈ ಮನೆಯ ಬಚ್ಚಲಿಗೆ ದೊಡ್ಡ ಅಂಗಡಿಯವರು ಒಂದೂಕಾಲು ಲಕ್ಷ ಹೇಳಿದ್ದರು. ಏಕನಾಥ ನಲವತ್ತೆರಡು ಸಾವಿರಕ್ಕೆ ಒಪ್ಪಿಕೊಂಡರು. ಗಟ್ಟಿಯಾಗಿರುವ ಗೋಡೆಯ ಟೈಲ್ಸ್ ಮುಟ್ಟುವುದಿಲ್ಲ, ಕೊಳವೆಗಳ ದಾರಿ ಬದಲಿಸುವುದಿಲ್ಲ, ಗಾಜಿನ ಬಾಗಿಲಿನ ಬದಲು ದಪ್ಪ ಪರದೆ. ಹಣ ಬೀಳುವುದು ಎರಡೇ ಕಡೆ: ಟೈಲ್ಸಿನ ಕೆಳಗೆ ನೀರು ತಡೆಯುವ ಲೇಪಕ್ಕೆ ಮತ್ತು ಗೋಡೆಗೆ ಬಿಗಿದ ಹಿಡಿಕಂಬಿಗೆ. ಟೈಲ್ಸ್ ಕೊಳ್ಳುವಾಗ ಜೇಬಿನಲ್ಲಿ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ಇರುತ್ತದೆ. ಅಂಗಡಿಯಲ್ಲಿಯೇ ಟೈಲ್ಸಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ಬರಿಗಾಲಲ್ಲಿ ಹತ್ತಿ ನಿಲ್ಲುತ್ತಾರೆ. ಜಾರಿದರೆ ಬೇಡ. ಸಾಬೂನೂ ತರಲೇ ಎಂದು ಅಂಗಡಿಯವರು ಕೇಳುವುದು ರೂಢಿಯಾಗಿದೆ.

ಅವರ ಇನ್ನೊಂದು ಪದ್ಧತಿ ಒಣ ಸ್ನಾನ. ಟಬ್ಬು ಹೋದ ಮಾರನೆಯ ದಿನ, ಬರಿಯ ಕಾಂಕ್ರೀಟಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಮೀಯುವವರನ್ನು ಉಟ್ಟ ಬಟ್ಟೆಯಲ್ಲೇ ಕೂಡಿಸಿ, ಕೈಗೆ ಖಾಲಿ ತಂಬಿಗೆ ಕೊಡುತ್ತಾರೆ. ಸುಮ್ಮನೆ ಸ್ನಾನ ಮಾಡಬೇಕು. ಕೈ ಎಲ್ಲಿಗೆ ಚಾಚುತ್ತದೋ ಅಲ್ಲಿ ನಳ, ಏಳುವಾಗ ಎಲ್ಲಿ ಹುಡುಕುತ್ತದೋ ಅಲ್ಲಿ ಕಂಬಿ. ಇದನ್ನು ಕಲಿಸಿದ್ದು ಅವರದೇ ತಪ್ಪು. ಮೊದಮೊದಲು ಒಂದು ಮನೆಯಲ್ಲಿ, ಕಂಪನಿಯ ಚಿತ್ರದಲ್ಲಿದ್ದಂತೆ ಶವರ್ ಮಾತ್ರ ಕೂಡಿಸಿ ಬಂದಿದ್ದರು. ಜನ್ಮವಿಡೀ ಬಕೆಟ್ಟು ತಂಬಿಗೆಯಲ್ಲಿ ಮಿಂದ ಆ ಮನೆಯ ಅಜ್ಜಿ ತಿಂಗಳುಗಟ್ಟಲೆ ಅಡುಗೆಮನೆಯಿಂದ ನೀರು ತರಿಸಿಕೊಂಡರಂತೆ. "ಬಕೆಟ್ಟಿಗೆ ನಳ ಇಡೋದು ನನಗ ಹೊಳೀಲಿಲ್ಲ ನೋಡ್ರಿ. ನಮ್ಮವ್ವನೂ ಹಂಗ ಜಳಕಾ ಮಾಡಾಕಿ."

ಅನ್ನಪೂರ್ಣಮ್ಮನವರ ಒಣ ಸ್ನಾನಕ್ಕೆ ಅರ್ಧ ಗಂಟೆ ಹಿಡಿದಿತ್ತು. ಬೆನ್ನು ಉಜ್ಜಿಕೊಳ್ಳುವುದನ್ನೂ ಅವರು ಬಿಡಲಿಲ್ಲ.

ದಿನಕ್ಕೆ ಇಪ್ಪತ್ತೆರಡು ಕಿಲೋಮೀಟರ್ ಸ್ಕೂಟರ್, ಒಂದು ಬಚ್ಚಲಿಗೆ ವಾರದ ಕೆಲಸ, ಲಿಫ್ಟಿನಲ್ಲಿ ಬಿಡದ ಕಾರಣ ಮೆಟ್ಟಿಲಿಳಿಸುವ ಹದಿನೆಂಟು ಚೀಲ ಒಡೆದ ಕಾಂಕ್ರೀಟು. ಸಿಮೆಂಟು ತಿಂದ ಬೆರಳ ತುದಿಗಳು ಚಳಿಗಾಲದಲ್ಲಿ ಬಿರಿಯುತ್ತವೆ. ಮೊಣಕಾಲಂತೂ ಹೇಳುವುದೇ ಬೇಡ. ಹೆಂಡತಿ ರಾಜೀವಿ ಅವರ ದೂರು ಬೇರೆಯೇ. "ದೇವರ ಮುಂದ ಬಗ್ಗಾಕ ಮೊಣಕಾಲು ನೋವು ಅಂತಾರ. ಮಂದಿ ಬಚ್ಚಲದಾಗ ದಿನಾ ಸಾಷ್ಟಾಂಗ ಹಾಕ್ತಾರ."

ಇಂದು ಆ ಸಾಷ್ಟಾಂಗದಿಂದ ಎದ್ದವರೇ ಕೆಳಗಿನ ಮನೆಗೆ ಓಡುತ್ತಾರೆ. ಹಬ್ಬದ ಚಕ್ಕುಲಿ ಕರಿಯುತ್ತಿರುವ ಮುಕ್ತಾಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆಯುತ್ತಾರೆ. ಮರಾಠಿಯಲ್ಲಿ ಕ್ಷಮೆ ಕೇಳಿ, ಸ್ಟೂಲು ಹತ್ತಿ, ಅವರ ಬಚ್ಚಲ ಚಾವಣಿಯನ್ನು ಏಕನಾಥ ಅಂಗೈಯಿಂದ ಅಂಗುಲ ಅಂಗುಲ ಸವರುತ್ತಾರೆ. ಒಂದು ಹನಿಯಿಲ್ಲ. ಹಾಗಾದರೆ ನೀರು ಹೋದದ್ದೆಲ್ಲಿ? ಮತ್ತೆ ಮೇಲೆ ಬರುವಷ್ಟರಲ್ಲಿ ಅನ್ನಪೂರ್ಣಮ್ಮ ವಾಕರ್ ಹಿಡಿದು ಬಂದು, ಏನು ಗುಸುಗುಸು ಎಂದು ಕೇಳುತ್ತಾರೆ. ನೀರು ಕಡಿಮೆಯಾಗಿದೆ ಎಂದು ಸೊಸೆ ಹೇಳುತ್ತಾರೆ.

"ಅದನ್ನ ನಾ ತಗೊಂಡೀನಿ. ನಳ ಬರೂದು ಏಳಕ್ಕ. ಇಷ್ಟು ಚೊಲೋ ನೀರು ಸುಮ್ಮ ನಿಂತಿತ್ತು, ಮೂರು ತಂಬಿಗಿ ಗುಲಾಬಿಗೆ ಹಾಕ್ದೆ. ತುಳಸಿಗೆ ಹಾಕಿಲ್ಲ ಮತ್ತ, ಬಚ್ಚಲ ನೀರು."

"ಬಗ್ಗಬ್ಯಾಡ್ರಿ ಅಂತ ಡಾಕ್ಟರು ಹೇಳಿಲ್ಲೇನ್ರಿ ಅತ್ತಿ?"

"ನಾ ಎಲ್ಲೆ ಬಗ್ಗೀನಿ? ಕುರ್ಚಿ ಮ್ಯಾಲೆ ಕೂತು ಉದ್ದನ್ನ ಸೌಟಿಲೆ ತಗದೀನಿ. ಸೌಟಿಗೆ ಡಾಕ್ಟರು ಏನೂ ಹೇಳಿಲ್ಲ."

ಏಕನಾಥ ಇನ್ನೂ ನಗುವುದಿಲ್ಲ. ಅದೇ ತಂಬಿಗೆ ಕೇಳಿ ಪಡೆದು, ಅಡುಗೆಮನೆಯಿಂದ ಮೂರು ಸಲ ನೀರು ತಂದು ಸುರಿದು, ಅಲೆ ನಿಲ್ಲುವವರೆಗೆ ಕಾದು, ಮತ್ತೆ ಕೆನ್ನೆ ನೆಲಕ್ಕೆ ಹಚ್ಚುತ್ತಾರೆ. ನೀರು ಗೆರೆಯನ್ನು ಮುಟ್ಟಿದೆ. ಆಗ ನೆಲದ ಮೇಲೇ ಹೊರಳಿ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಆಯಿ, ನೀವು ನನ್ನ ಜೀವಾ ತಗದಿದ್ರಿ."

ಮರುದಿನ ನಸುಕಿನಲ್ಲಿ ಸೊಸೆ ಎಣ್ಣೆ ಹಚ್ಚಿ, ಆರತಿ ಎತ್ತಿ, ಬಕೆಟ್ಟಿನಲ್ಲಿ ಬಿಸಿನೀರು ಹದಮಾಡಿ ಹೊರಗೆ ಬಂದರು. ಒಳಗೆ ತಂಬಿಗೆಯ ಸದ್ದು. ಇಪ್ಪತ್ತು ನಿಮಿಷವಾಯಿತು, ಮೂವತ್ತಾಯಿತು. ತಡೆಯಲಾರದೆ ಕದ ತಟ್ಟಿದರೆ, ಎಣ್ಣೆ ಇನ್ನೂ ಹೋಗಿಲ್ಲ, ನೀವು ಫರಾಳದ ತಿಂಡಿಗೆ ಕೂಡ್ರಿ ಎಂಬ ಉತ್ತರ. ಹೊರಗೆ ಬಂದಾಗ ಅನ್ನಪೂರ್ಣಮ್ಮನವರ ಸೀರೆಯ ನಿರಿಗೆ ಕೂಡ ಸರಿಯಾಗಿತ್ತು.

ಕಾತ್ರಜದ ಮನೆಯಲ್ಲಿ ಹಬ್ಬದ ಅಂಗಿ ತೊಟ್ಟು ಕೂತಿರುವ ಏಕನಾಥ, ಇಂದೂ ವೈನಿ ಫೋನು ಮಾಡಿದ್ದನ್ನು ಹೇಳುತ್ತಾರೆ. ಆಯಿ ಏಳುವಾಗ ಕಂಬಿ ಹಿಡಿದರೋ, ಗೋಡೆ ಹಿಡಿದರೋ ಎಂದು ಏಕನಾಥ ಕೇಳಿದರಂತೆ. ತನಗೇನು ಗೊತ್ತು ಎಂದರಂತೆ ವೈನಿ.

"ಬಾಗಲಾ ಹಾಕ್ಕೊಂಡಿದ್ರಂತ್ರಿ. ಯಾರೂ ನೋಡಿಲ್ಲಂತ. ಅದಕ್ಕಲ್ಲೇನ್ರಿ ಒಂದು ವಾರ ಸುತ್ತಿಗಿ ಬಡದದ್ದು."