ರೈಟ್ ಹೇಳುವ ಮೊದಲು

ಬೆಟ್ಟ ಹತ್ತಲು ಹೊರಟ ಮುಂಜಾನೆ ಕಂಡಕ್ಟರಮ್ಮ ವ್ಯಾನಿನ ಬಾಗಿಲಲ್ಲಿ ನಿಂತು ತಲೆ ಎಣಿಸಿದಳು. ಹನ್ನೊಂದು. ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ದುಡಿದ ಅಭ್ಯಾಸ. ಡ್ರೈವರನ್ನೂ ತನ್ನನ್ನೂ ಬಿಟ್ಟೇ ಎಣಿಕೆ.

"ಇವತ್ತೊಂದಿನ ಕಂಡಕ್ಟರ್ ಆಗ್ಬೇಡ ಕಣೇ," ಎಂದು ಗೆಳತಿ ನರ್ಸು ಕಿವಿಯಲ್ಲಿ ಗದರಿದಳು. "ಇವರೆಲ್ಲ ನನ್ನ ಹೊಸ ಸ್ನೇಹಿತರು. ನನ್ನ ಮಾನ ಕಳೀಬೇಡ."

ಒಂದು ಕಾಲದಲ್ಲಿ ಡಿಪೋ ಹಿಂದಿನ ಒಂದೇ ಕೋಣೆಯಲ್ಲಿ ಇಬ್ಬರೂ ಬಾಳಿದ್ದರು. ಬಸ್ಸು ಹೊರಟಾಗಲೆಲ್ಲ ಕಿಟಕಿ ಗಡಗಡ ಅನ್ನುತ್ತಿದ್ದ ಕೋಣೆ, ಅದರಲ್ಲಿ ಒಂದೇ ಮಂಚ. ಇವಳು ಮೊದಲ ಬಸ್ಸಿಗೆ ಎದ್ದು ಹೋದರೆ, ರಾತ್ರಿ ಪಾಳಿ ಮುಗಿಸಿ ಬಂದ ನರ್ಸು ಅದೇ ಬಿಸುಪಿನಲ್ಲಿ ಮಲಗುತ್ತಿದ್ದಳು. ನರ್ಸು ಹೊಸ ಮನೆಗೆ ಹೋದ ಮೇಲೆ ಮಾತು ತೆಳುವಾಯಿತು. ಒಂದು ವರ್ಷದ ನಂತರ ಬಂದ ಕರೆ ಇದು. ಇದನ್ನೂ ಕೆಡಿಸಿಕೊಂಡರೆ ಇನ್ನೊಂದು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಹಾಗಾಗಿ ಹತ್ತುವಾಗ ತುಟಿ ಹೊಲಿದುಕೊಂಡಂತೆ ಇದ್ದಳು. ಗುಂಪಿನ ಮುಂದಾಳು ಜಿಮ್ ಮಾಸ್ಟರು, "ಮೇಡಂ, ಮೇಲಕ್ಕೆ ಟಿಕೆಟ್ ಎಷ್ಟು? ಚಿಲ್ಲರೆ ಇಲ್ಲ ಅನ್ಬೇಡಿ ಮತ್ತೆ," ಎಂದು ಕುಟುಕಿದಾಗ ನರ್ಸೂ ನಕ್ಕಳು. ಎಲ್ಲರ ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದವನು ವಾಚ್ ರಿಪೇರಿಯವನು. ಪಟ್ಟಿಯಲ್ಲಿ ಹೆಸರಿಲ್ಲದೆ ವ್ಯಾನ್ ಹತ್ತಿದ್ದಕ್ಕೆ ಮಾಸ್ಟರು ಅವನಿಗೆ 'ಎಕ್ಸ್‌ಟ್ರಾ' ಎಂದೇ ಹೆಸರಿಟ್ಟಿದ್ದರು. ಅವನ ಚೀಲ ಹಿಡಿಯಲು ಕಂಡಕ್ಟರಮ್ಮ ಕೈ ಚಾಚಿದರೆ ಅವನೂ ಸಿಡುಕಿದ: "ನಿಮ್ಮ ಕೆಲಸ ನೀವು ನೋಡ್ಕೊಳ್ಳಿ."

ಸಂಜೆ ಇಳಿದು ಬಂದು ಎಲ್ಲರೂ ವ್ಯಾನ್ ಹತ್ತಿದರು. ಬಿಗಿಹಿಡಿದರೂ ಕಂಡಕ್ಟರಮ್ಮನ ಕಣ್ಣು ಎಣಿಸಿಬಿಟ್ಟಿತು. ಹತ್ತು.

"ಹೋಲ್ಡಾನ್!"

ಜಾತ್ರೆಯಂಥ ಬಸ್ಸನ್ನು ಸುಮ್ಮನಾಗಿಸಿದ ಗಂಟಲು ಅದು. ಡ್ರೈವರು ಎಂಜಿನ್ ಆರಿಸಿದ.

ಮಾಸ್ಟರು ಪಟ್ಟಿ ತೆಗೆದು ಬೆರಳಾಡಿಸಿದರು. "ಹನ್ನೊಂದು ಜನ, ಸರಿಯಾಗಿದೆ. ರೀ, ನಿಮ್ಮನ್ನೇ ನೀವು ಎಣಿಸ್ಕೊಂಡಿಲ್ಲ!"

ವ್ಯಾನೇ ಕುಲುಕುವ ಹಾಗೆ ನಗು. ಎಲ್ಲರಿಗಿಂತ ಜೋರು ನರ್ಸಿನದು.

"ನಾನು ನನ್ನನ್ನ ಯಾವತ್ತೂ ಎಣಿಸ್ಕೊಳ್ಳಲ್ಲ," ಎಂದಳು ಕಂಡಕ್ಟರಮ್ಮ. "ವಾಚ್ ರಿಪೇರಿಯವರು ಎಲ್ಲಿ?"

ನಗು ನಿಂತಿತು. ನಾಚಿಕೆಯಿಂದಲ್ಲ, ಸಿಟ್ಟಿನಿಂದ.

"ಅವನು ಪಟ್ಟೀಲೇ ಇಲ್ಲವಲ್ರೀ. ಬೇರೆ ದಾರಿ ಹಿಡಿದು ಹೋಗಿರ್ತಾನೆ."

"ಹತ್ತಿಸ್ಕೊಂಡ ಮೇಲೆ ಲೆಕ್ಕಕ್ಕೆ ಬಂದ ಹಾಗೆ."

"ಒಳಗೆ ಬಾರೇ, ಸಾಕು!" ನರ್ಸಿನ ಮುಖ ಕೆಂಡವಾಗಿತ್ತು. "ಈಗ ವಾಪಸ್ ಹೋದ್ಯೋ, ಇನ್ಮೇಲೆ ನನ್ನ ಮನೆ ಬಾಗಿಲು ತುಳೀಬೇಡ."

ಹಿಂದೊಮ್ಮೆ, ಹೊಸತರಲ್ಲಿ, ಯಾರೋ ಅವಸರಿಸಿದರೆಂದು ಅವಳು ತಿರುಗಿ ನೋಡದೆ 'ರೈಟ್' ಅಂದಿದ್ದಳು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟಿದ್ದ ಮುದುಕ ಮತ್ತೆ ಕೋಲಿಲ್ಲದೆ ನಡೆಯಲಿಲ್ಲ. ನರ್ಸಿಗೆ ಅದು ಗೊತ್ತು. ಅಂದು ರಾತ್ರಿಯೆಲ್ಲ ಇವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತವಳೇ ಅವಳು.

ಕಂಡಕ್ಟರಮ್ಮ ಒಂದು ಗಳಿಗೆ ಗೆಳತಿಯನ್ನು ನೋಡಿದಳು. ಆಮೇಲೆ ಬೆಟ್ಟದ ಕಡೆ ತಿರುಗಿದಳು.

ಎರಡನೆಯ ತಿರುವಿನಲ್ಲಿ ಅವನು ಬಂಡೆಯ ಮೇಲೆ ಕೂತಿದ್ದ. ಬೂಟಿನ ಅಟ್ಟೆ ಬಾಯಿಬಿಟ್ಟಿತ್ತು. ಕಾಲು ಉಳುಕಿ ಊದಿತ್ತು.

"ಯಾರು ಕರೆದ್ರು ನಿಮ್ಮನ್ನ?"

"ಯಾರೂ ಕರೀಲಿಲ್ಲ. ಏಳಿ."

ಟಿಕೆಟ್ ಚೀಲದ ಪಟ್ಟಿ ಒತ್ತಿ ಒತ್ತಿ ಗುಳಿಬಿದ್ದ ಅವಳ ಹೆಗಲ ಮೇಲೆ ಅವನು ಕೈ ಊರಿದ. ಬೈದುಕೊಳ್ಳುತ್ತಲೇ ಇಳಿದ.

ಕೆಳಗೆ ವ್ಯಾನು ಅಲ್ಲೇ ಇತ್ತು. ಮಾಸ್ಟರು ಕೂಗಾಡುತ್ತಿದ್ದರು. ಹಿಂದೆ ಬಸ್ಸು ಓಡಿಸಿದ್ದ ಡ್ರೈವರು ಕೀಲಿಯನ್ನು ಜೇಬಿಗೆ ಹಾಕಿಕೊಂಡು, "ಅಕ್ಕ ಹೋಲ್ಡಾನ್ ಅಂದಿದ್ದಾರಲ್ಲ ಸಾರ್. ಅವರು ರೈಟ್ ಅನ್ನದೆ ಗಾಡಿ ಎತ್ತೋದು ಹೇಗೆ?" ಎನ್ನುತ್ತಿದ್ದ.

ವಾಚ್ ರಿಪೇರಿಯವನು ಹತ್ತಿದ. ಯಾರೂ ಸರಿದು ಜಾಗ ಕೊಡಲಿಲ್ಲ. ತಾನೇ ನುಗ್ಗಿ ಕೂತ. ಉಳಿದದ್ದು ಒಂದೇ ಸೀಟು, ನರ್ಸಿನ ಪಕ್ಕದ್ದು. ನರ್ಸು ಅದರ ಮೇಲೆ ತನ್ನ ಬ್ಯಾಗು ಇಟ್ಟು ಕಿಟಕಿಗೆ ಮುಖ ಮಾಡಿದಳು.

ಕಂಡಕ್ಟರಮ್ಮ ಬಾಗಿಲಲ್ಲಿ ನಿಂತು ಎಣಿಸಿದಳು. ಗೆಳತಿಯ ತಲೆಯ ಹತ್ತಿರ ಬೆರಳು ಒಂದು ಕ್ಷಣ ತಡೆಯಿತು, ಮುಂದೆ ಹೋಯಿತು. ಹನ್ನೊಂದು.

ತಗಡಿನ ಮೇಲೆ ಎರಡು ಬಾರಿ ಬಡಿದಳು. "ರೈಟ್."

ಊರು ಬರುವವರೆಗೂ ಬ್ಯಾಗು ಆ ಸೀಟಿನಲ್ಲೇ ಕೂತಿತ್ತು. ಅವಳು ನಿಂತೇ ಬಂದಳು.