ನಗುವ ಕತ್ತೆ, ಚಿನ್ನದ ಆಕಾಶ

ಅಮೆರಿಕದ ಬರ್ಕ್ಲಿ, ಮಂಗಳವಾರ ಮಧ್ಯಾಹ್ನ.

ಇಲ್ಲಿಯ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಕ್ಕೆ ಮಲಗಲು ದಿಂಬು ಕೊಡುತ್ತಾರೆ. ತಂಗಿಯ ಮಗಳು ಸಹನಾ ಇಲ್ಲಿಯೇ ಸಂಶೋಧನೆ ಮಾಡುತ್ತಾಳೆ. ನನ್ನಿಂದ ಚೆನ್ನಾಗಿ ಕೈ ತೊಳೆಸಿ ಒಳಗೆ ಕರೆತಂದಳು. ದಿಂಬಿನ ಮೇಲೆ ಅಂಗೈಯಗಲದ ಪ್ರಾರ್ಥನೆಯ ಪುಸ್ತಕ. ಐನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನಲ್ಲಿ ಯಾರೋ ಅದಕ್ಕೆ ಚಿತ್ರ ಬರೆದಿದ್ದಾನೆ. ಕೊಟ್ಟಿಗೆಯಲ್ಲಿ ಶಿಶು ಯೇಸು, ಪಕ್ಕದಲ್ಲೊಂದು ಕತ್ತೆ. ಆ ಕತ್ತೆ ತುಟಿಯ ಒಂದು ಕೊನೆಯನ್ನಷ್ಟೇ ಎತ್ತಿ ನಗುತ್ತಿದೆ!

"ಈ ಚಿತ್ರಕಾರನ ಹೆಸರು ಯಾರಿಗೂ ಗೊತ್ತಿಲ್ಲ ದೊಡ್ಡಮ್ಮ. ಪ್ರಾಣಿ ಹೀಗೆ ನಗ್ತಿದ್ರೆ ಇವನೇ ಪೇಂಟ್ ಮಾಡಿದ್ದು ಅಂತ ಕಂಡುಹಿಡೀತಾರೆ," ಎಂದಳು ಸಹನಾ.

ನನ್ನ ಕಣ್ಣು ಆಗಲೇ ಆಕಾಶದ ಚಿನ್ನಕ್ಕೆ ಅಂಟಿತ್ತು. ನಲವತ್ತು ವರ್ಷ ಮೈಸೂರು ಶೈಲಿಯ ಚಿತ್ರಗಳಿಗೆ ಚಿನ್ನದ ರೇಕು ಕೂರಿಸಿದವಳು ನಾನು. ಉಸಿರು ತಾಕಿದರೆ ರೇಕು ಹಾರಿಹೋಗುತ್ತದೆಂದು ಅಪ್ಪ ಬೈದು ಬೈದು ಕಲಿಸಿದ್ದರು.

"ದೊಡ್ಡಮ್ಮ, ಉಸಿರು ಬಿಡಿ! ಮುಖ ಕೆಂಪಾಗ್ತಿದೆ."

ಪಕ್ಕದಲ್ಲೇ ನಿಂತಿದ್ದ ಗ್ರಂಥಪಾಲಕಿ, ನಾನು ಉಸಿರು ಹಿಡಿದ ಕಾರಣವನ್ನು ಸಹನಾಳಿಂದ ತಿಳಿದು, ನಗುತ್ತ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಸಹನಾ ಕನ್ನಡದಲ್ಲಿ ವಿವರಿಸಿದಳು: "ಈ ಚಿತ್ರಕಾರನದು ಉಲ್ಟಾ ಅಂತೆ. ಚಿನ್ನದ ಕೆಳಗೆ ಹಚ್ಚಿದ ಅಂಟು ಒಣಗಿರುತ್ತಲ್ಲ, ಅದರ ಮೇಲೆ ಬಿಸಿ ಉಸಿರು ಬಿಟ್ಟು ಹಸಿ ಮಾಡಿ, ತಕ್ಷಣ ಚಿನ್ನ ಕೂರಿಸ್ತಿದ್ನಂತೆ."

ಅಷ್ಟು ಸುಲಭವೇ! ತಡೆಯಲಾಗದೆ ಪುಟದತ್ತ ಬಾಗಿ, ಬಾಯಿ ತೆರೆದು "ಹಾ" ಎಂದುಬಿಟ್ಟೆ. ಅಷ್ಟರಲ್ಲಿ ಗ್ರಂಥಪಾಲಕಿಯ ಅಂಗೈ ನಡುವೆ ಬಂದಿತ್ತು. ಉಸಿರೆಲ್ಲ ಆಕೆಯ ಕೈಗೆ. ಸದ್ದು ಮಾಡಬಾರದ ಕೋಣೆ. ಮೂವರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಕತ್ತೆಗೆ ಮಾತ್ರ ಆ ಕಟ್ಟುಪಾಡು ಇರಲಿಲ್ಲ.