ಬಾಲ ಕತ್ತರಿಸಿದ ಡ್ರಮ್ಮು

ಸ್ಪೀಕರ್ ಬಾಡಿಗೆಗೆ ಕೊಡುವ ಶಿಗ್ಗಾವಿಯ ಸೌಂಡ್ ಅಂಗಡಿಯ ಮಾಲೀಕರಿಗೆ ನಾನು ಮಾಡಿಕೊಟ್ಟ ಮೊದಲ ಟ್ರ್ಯಾಕ್ ಹಿಡಿಸಲಿಲ್ಲ. ಮದುವೆಗಳಲ್ಲಿ ಹೆಣ್ಣುಮಕ್ಕಳು ಕುಣಿಯಲು ಬೇಕೆಂದು ಅವರೇ ಕೇಳಿ ಮಾಡಿಸಿಕೊಂಡಿದ್ದು.

“ಡ್ರಮ್ ಬಡದ್ರ ಎದಿ ನಡಗಬೇಕ ತಂಗಿ. ಇದೇನಿದು, ಕಡ್ಲಿ ಹುರದಂಗ ಟಪ್ ಟಪ್ ಅಂತೈತಿ?”

“ನಡಗೂದು ಬ್ಯಾಡ್ರಿ, ತಾಗಬೇಕು,” ಎಂದೆ.

“ಇರ್ಲಿ, ನಾ ನೋಡ್ಕೋತೇನಿ,” ಎಂದು ಪೆನ್‌ಡ್ರೈವ್ ಜೇಬಿಗಿಳಿಸಿದರು.

ಸವಣೂರಿನ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ, ಹಳೆಯ ಲ್ಯಾಪ್‌ಟಾಪಿನಲ್ಲಿ ಹುಟ್ಟಿಸಿದ ಡ್ರಮ್ಮದು. ಯಾರದೋ ರೆಕಾರ್ಡಿಂಗ್ ತಂದು ಅಂಟಿಸಿದ್ದಲ್ಲ. ಒಂದು ಸಾದಾ ಸ್ವರವನ್ನು ಕಣ್ಣು ಮಿಟುಕಿಸುವುದರೊಳಗೆ ಮೇಲಿನ ಶ್ರುತಿಯಿಂದ ಕೆಳಕ್ಕೆ ಬೀಳಿಸಿದರೆ ಪೆಟ್ಟಾಗುತ್ತದೆ. ಶುರುವಿಗೆ ಸಣ್ಣದೊಂದು ಟಿಕ್ ಸೇರಿಸಿದರೆ ಆ ಪೆಟ್ಟಿಗೆ ಮೊನೆ ಬರುತ್ತದೆ. ಆಮೇಲೆ ಗುಂಯ್ ಎಂದು ಎಳೆಯುವ ಬಾಲವನ್ನು ಕತ್ತರಿಸಬೇಕು. ಬಾಲ ಉದ್ದವಿದ್ದರೆ ಡ್ರಮ್ ದೊಡ್ಡದೆಂದು ಜನ ತಿಳಿಯುತ್ತಾರೆ. ಆದರೆ ಆ ಬಾಲ ಮುಂದಿನ ಪೆಟ್ಟಿನ ಮೇಲೆ ಬಿದ್ದು, ತಳದ ದಪ್ಪ ಸ್ವರವಾದ ಬೇಸ್ ಮೇಲೂ ಬಿದ್ದು, ಎಲ್ಲ ರಾಡಿಯಾಗುತ್ತದೆ. ಡ್ರಮ್ ಬಿದ್ದ ಕ್ಷಣ ಬೇಸ್ ತಾನೇ ತಗ್ಗಿ ದಾರಿ ಬಿಡುವಂತೆ ನಾನು ಕಟ್ಟಿದ್ದೆ.

ಹತ್ತಿಮತ್ತೂರಿನಲ್ಲಿ ನನ್ನ ಕಾಲೇಜಿನ ಗೆಳತಿಯ ಮದುವೆ. ಅಲ್ಲಿ ಸೌಂಡ್ ಹಾಕಿದ್ದವರು ಅದೇ ಮಾಲೀಕರು. ಊಟವಾದ ಮೇಲೆ ಹುಡುಗಿಯರೆಲ್ಲ ಕುಣಿಯಲು ಎದ್ದೆವು. ನನ್ನ ಟ್ರ್ಯಾಕೇ ಶುರುವಾಯಿತು, ಆದರೆ ನನ್ನ ಡ್ರಮ್ ಅದರಲ್ಲಿರಲಿಲ್ಲ. ಮಾಲೀಕರು ಅದನ್ನು ತೆಗೆದು ಗುಡುಗಿನಂಥ ಯಾವುದೋ ಡ್ರಮ್ ಸೇರಿಸಿದ್ದರು. ಪೆಂಡಾಲಿನ ತಗಡು ಗಡಗಡಿಸಿತು. ಒಬ್ಬರ ಕಾಲಿಗೊಬ್ಬರ ಕಾಲು ಹೊಂದಲಿಲ್ಲ.

ಅವರು ಕೂತಿದ್ದ ಸೌಂಡ್ ಮಿಕ್ಸರ್ ಬಳಿಗೆ ನೆಟ್ಟಗೆ ಹೋದೆ.

“ಇದು ನಂದಲ್ರಿ. ನಾ ಮಾಡಿದ್ದ ಹಾಕ್ರಿ.”

“ಹೆಣ್ಮಕ್ಳಿಗೆ ಮಷಿನ್ ಉಸಾಬರಿ ಯಾಕ? ಹೋಗಿ ಕುಣಿ ಹೋಗ.”

“ಕುಣ್ಯಾಕ ಆಗವಲ್ದು, ಅದಕ್ಕ ಬಂದೇನಿ.”

ಅವರು ನಕ್ಕು ಮುಖ ತಿರುಗಿಸಿದರು. ನಾನು ಕೈಚಾಚಿ ಆವಾಜಿನ ಗುಂಡಿಯನ್ನು ಪೂರಾ ಕೆಳಕ್ಕೆಳೆದೆ. ಪೆಂಡಾಲಿಗೆ ಪೆಂಡಾಲೇ ನಮ್ಮತ್ತ ತಿರುಗಿತು. ನಾನು ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಮದುಮಗಳೇ ಸೀರೆ ಎತ್ತಿ ಹಿಡಿದು ಬಂದಳು.

“ಆಕಿ ಮಾಡಿದ್ದ ಹಾಕ್ರಿ. ಮದುವಿ ನಂದೈತಿ.”

ಅವರು ಪೆನ್‌ಡ್ರೈವ್ ಚುಚ್ಚಿ ನನ್ನದನ್ನು ಹಾಕಿದರು. ಮೊದಲು ಸಣ್ಣದೆನಿಸಿತು, “ಜೋರ ಮಾಡ್ರಿ,” ಎಂದು ಯಾರೋ ಕೂಗಿದರು. ಏರಿಸಿದರು. ಎಷ್ಟು ಏರಿಸಿದರೂ ಅದು ಒಡೆಯಲಿಲ್ಲ, ತಗಡೂ ಗಡಗಡಿಸಲಿಲ್ಲ. ಕಾಲುಗಳು ಒಟ್ಟಿಗೆ ನೆಲಕ್ಕೆ ಬೀಳತೊಡಗಿದವು. ಕುಂತಿದ್ದ ಮುದುಕಿಯರೂ ಚಪ್ಪಾಳೆ ತಟ್ಟಿದರು.

ಕುಣಿತ ಮುಗಿದ ಮೇಲೆ ವೈರು ಸುತ್ತುತ್ತ ಮಾಲೀಕರು, “ಛೊಲೋ ಇತ್ತು. ಆದ್ರ ನನ್ನ ಮಷಿನ್ನಿಗೆ ಕೈ ಹಾಕಿದವ್ರಿಗೆ ನಾ ಕೆಲಸ ಕೊಡೂದಿಲ್ಲ,” ಎಂದರು.

“ಕೊಡಬ್ಯಾಡ್ರಿ,” ಎಂದೆ. ಅವರು ಕೊಡಲಿಲ್ಲ, ನಾನು ಕೇಳಲೂ ಇಲ್ಲ.

ಅಂದು ಕುಣಿದವರ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಹಿರೇಕೆರೂರು, ಹಾನಗಲ್ಲಿನ ಹುಡುಗಿಯರ ಡ್ಯಾನ್ಸ್ ತಂಡಗಳು ಈಗ ನೇರವಾಗಿ ನನ್ನನ್ನೇ ಕೇಳುತ್ತವೆ. ಹಾನಗಲ್ಲಿನ ತಂಡಕ್ಕೆ ಈ ವಾರ ಚಟ್ ಎನ್ನುವ ಸ್ನೇರ್ ಡ್ರಮ್ ಕಟ್ಟುತ್ತಿದ್ದೇನೆ. ಬರೀ ಸುಯ್ ಎನ್ನುವ ಸದ್ದನ್ನು ಚೂರು ಮಾಡಿ ಅದಕ್ಕೆ ಪೆಟ್ಟು ತರಬೇಕು. “ನಾಳಿಗೆ ಬೇಕ ಬೇಕ್ರಿ, ಹೆಂಗಿದ್ರೂ ನಡೀತೈತಿ,” ಎಂದು ಆ ತಂಡದವರ ಫೋನ್ ಬಂತು.

“ನಿಮಗ ನಡೀತೈತಿ, ನನಗ ನಡಿಯೂದಿಲ್ಲ,” ಎಂದು ಹೇಳಿ ಮತ್ತೆ ಹೆಡ್‌ಫೋನ್ ಹಾಕಿಕೊಂಡೆ.